ಎರಡೂ ಕೈಯಲ್ಲಿ ಹಗ್ಗ

ಸಂಕ್ರಾಂತಿ ಕಳೆದು ಎಂಟು ದಿನ. ಕಬ್ಬಿನ ಕಟಾವು ಭರದಲ್ಲಿತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಮರಾಠಿ ಹಾಡು ಹಚ್ಚಿಕೊಂಡು ಉಗಾರದ ಸಕ್ಕರೆ ಕಾರ್ಖಾನೆಯ ಕಡೆಗೆ ತೆವಳುತ್ತಿದ್ದವು; ಬೀಡದಿಂದ ಬಂದ ಗ್ಯಾಂಗಿನವರು ಇಬ್ಬನಿ ಆರುವ ಮೊದಲೇ ಹೊಳೆದಂಡೆಯ ಹೊಲದಲ್ಲಿ ಕೊಯ್ತಕ್ಕೆ ನಿಂತಿದ್ದರು; ಗಾಳಿ ಬೀಸಿದಾಗೊಮ್ಮೆ ಕಾಕಂಬಿಯ ವಾಸನೆ ಬರುತ್ತಿತ್ತು. ಎಲ್ಲ ಕಡೆಗೂ ಕೆಲಸ ನಡೆದಿತ್ತು, ಹೊಳೆಯ ನೀರೆತ್ತುವ ಜಾಕವೆಲ್ಲಿನಲ್ಲಿ ಮಾತ್ರ ಇಲ್ಲ. ಏತ ನೀರಾವರಿ ಸಂಘದ ಎರಡು ದೊಡ್ಡ ಮೋಟರುಗಳು ಮೂರು ದಿನದಿಂದ ಸುಮ್ಮನಿದ್ದವು. ದಂಡೆಯಿಂದ ಅರವತ್ತು ಅಡಿ ದೂರ, ಮೂವತ್ತು ಅಡಿ ಆಳದ ಮಡುವಿನಲ್ಲಿದ್ದ ಪೈಪಿನ ಬಾಯಿಗೆ ಒಂದು ಕಬ್ಬಿಣದ ಜಾಳಿ. ಆ ಜಾಳಿಗೆ ಕಬ್ಬಿನ ಒಣಗರಿಯ ರವದಿ, ಹರಿದ ಮೀನುಬಲೆ, ಯಾರೋ ಹೊಳೆಗೆ ಬಿಟ್ಟ ಹಾಸಿಗೆ ಎಲ್ಲ ಸುತ್ತಿಕೊಂಡು ನೀರು ಒಳಗೆ ಬರುವುದು ನಿಂತಿತ್ತು. ಕಟಾವಾದ ಹೊಲದಲ್ಲಿ ಮತ್ತೆ ಚಿಗುರಬೇಕಾದ ಕುಳೆ ಬಾಯಾರಿ ಬಿದ್ದಿತ್ತು. ಜಾಳಿ ಬಿಡಿಸಬೇಕಾದ ಭಾಗ್ಯಾ ಜಾಕವೆಲ್ಲಿನ ಮೆಟ್ಟಿಲ ಮೇಲೆ ಹಸಿ ಗೋಣಿ ಹಾಸಿ, ತನ್ನ ಸಾಮಾನನ್ನು ಒಂದೊಂದಾಗಿ ಅದರ ಮೇಲೆ ಇಡುತ್ತಿದ್ದಳು.

ಸಾಮಾನು ಹೆಚ್ಚೇನಿಲ್ಲ. ಒಂದು ಸಿಲಿಂಡರು. ಅದನ್ನು ಬೆನ್ನಿಗೆ ಹೊರುವ ಸ್ಟೀಲಿನ ಹಲಗೆ, ಹೆಗಲು ಸೊಂಟ ತೊಡೆಸಂದಿಗಳಲ್ಲಿ ಹಾಯಿಸಿದ ಒಂದೇ ಒಂದು ಉದ್ದನೆಯ ಪಟ್ಟಿ, ಹಿಂದೆ ಒಂದು ಗಾಳಿಚೀಲ. ಉಸಿರಿಗೆ ಎರಡು ಬಾಯಿ: ಒಂದು ಹಲ್ಲಿನಲ್ಲಿ ಕಚ್ಚುವುದಕ್ಕೆ, ಇನ್ನೊಂದು ಗದ್ದದ ಕೆಳಗೆ ರಬ್ಬರಿನ ದಾರದಲ್ಲಿ ನೇತಾಡುವುದು, ಒಂದು ಕೈಕೊಟ್ಟರೆ ಇನ್ನೊಂದು ಕೈಗಿಂತ ಮೊದಲು ಬಾಯಿಗೇ ಸಿಗಬೇಕು. ಉಳಿದ ಗಾಳಿ ತೋರಿಸುವ ಒಂದು ಮುಳ್ಳಿನ ಮೀಟರು, ಒಂದು ಚಾಕು. ಇಷ್ಟೇ. ಮಾಳವಣದ ಕಡಲದಂಡೆಯಲ್ಲಿ ಇದನ್ನು ಕಲಿಯುವಾಗ, ಇಲ್ಲದ ವಸ್ತು ಎಲ್ಲಿಯೂ ಸಿಕ್ಕಿಬೀಳುವುದಿಲ್ಲ ಎಂಬುದು ಅವಳಿಗೆ ಹೊಸದಾಗಿ ಕಾಣಲಿಲ್ಲ. ಅವಳ ಅಪ್ಪ ರಾಜಾರಾಮ ಇದೇ ಮೆಟ್ಟಿಲಿನಿಂದ ಲಂಗೋಟಿ, ಕುಡಗೋಲು, ನಡುವಿಗೆ ಹಗ್ಗ, ಮೂರರಲ್ಲೇ ಇಳಿಯುತ್ತಿದ್ದ. ಗಾಳಿಯನ್ನು ಎದೆಯಲ್ಲೇ ಒಯ್ಯುತ್ತಿದ್ದ. ಸಂಘದ ಅಧ್ಯಕ್ಷರ ಮಗ ಸುಹಾಸ ಮೊದಲ ಸಲ ಅವಳ ಗೋಣಿ ನೋಡಿದಾಗ, "ಭಾಗ್ಯಕ್ಕಾ, ನಮ್ಮ ಮುನಿ ಮಹಾರಾಜರು ವಿಹಾರಕ್ಕ ಹೊಂಟಂಗ ಐತಲ್ಲ. ನವಿಲಗರಿ ಪಿಂಛಿ, ಕಮಂಡಲ, ಮುಗೀತು" ಅಂದಿದ್ದ. ಆ ಮಾತು ಅವಳಿಗೆ ಹಿಡಿಸಿತ್ತು. ಅದೇ ಹುಡುಗ ಹೋದ ವರ್ಷ ಅಂಡಮಾನಿಗೆ ಹೋಗಿ ನಾಲ್ಕು ದಿನದಲ್ಲಿ ಮುಳುಗುವ ಸರ್ಟಿಫಿಕೇಟು ತಂದ. ಭಾಗ್ಯಾ ಜಾಳಿ ಬಿಡಿಸಿದ್ದಕ್ಕೆ ಸಂಘದ ಸಭೆಯಲ್ಲಿ ಶಾಲು ಹೊದಿಸಿದ್ದೂ ಅವನಿಗೇ, ಯಾಕೆಂದರೆ ವೀಡಿಯೋ ತೆಗೆದವನು ಅವನು. ಭಾಗ್ಯಾಗೆ ಅವನ ತಾಯಿ ಲಕ್ಷ್ಮಿಬಾಯಿ ಹಿತ್ತಿಲ ಬಾಗಿಲಲ್ಲಿ ಒಂದು ಕುಪ್ಪಸದ ಖಣ ಕೊಟ್ಟರು. ಅವಳು ಎರಡೂ ಕೈ ಒಡ್ಡಿ ಇಸಿದುಕೊಂಡಿದ್ದಳು. ಆ ಕೈಗಳು ಈಗಲೂ ನೆನಪಾದರೆ ಸಿಟ್ಟು ಬರುತ್ತಿತ್ತು, ಖಣದ ಮೇಲಲ್ಲ, ಕೈಗಳ ಮೇಲೆ.

ಸುಹಾಸ ಬಂದ. ಹಿಂದೆ ನೀರು ಬಿಡುವ ಕಾಮಣ್ಣ ಕಿತ್ತಳೆ ಬಣ್ಣದ ಒಂದು ಯಂತ್ರವನ್ನು ಹಸುಗೂಸಿನಂತೆ ತೋಳಲ್ಲಿ ಎತ್ತಿಕೊಂಡು ಬರುತ್ತಿದ್ದ. ನೀರೊಳಗಿನ ಸ್ಕೂಟರು. ಎರಡು ಹಿಡಿಕೆ, ಹಿಂದೆ ಜಾಲರಿಯೊಳಗೆ ತಿರುಗುವ ಪಂಖ, ಬೆರಳಿಟ್ಟು ಒತ್ತಿದರೆ ಮನುಷ್ಯನನ್ನು ಎಳೆದುಕೊಂಡು ಓಡುತ್ತದೆ.

"ಹಿಂಗ ನೋಡ ಅಕ್ಕಾ ಪ್ಲಾನ," ಅಂದ ಸುಹಾಸ. "ಇಲ್ಲಿಂದ ಇಬ್ಬರೂ ಇದನ್ನ ಹಿಡಕೊಂಡ ಇಳಿಯೂದು. ಮೊದಲ ಈ ಜಾಳಿ. ಆಮ್ಯಾಲ ಹಂಗ ಹೊಳಿಗುಂಟ ಕೆಳಗ, ತಿರವಿನ್ಯಾಗ ಹಳೀ ಜಾಳಿ ಐತೆಲ್ಲಾ, ಅದನ್ನೂ ನೋಡಕೊಂಡ ಬರೂದು. ಇಪ್ಪತ್ತ ಮಿನಿಟ."

"ಹಳೀ ಜಾಳಿ ಅರ್ಧಾ ಕಿಲೋಮೀಟರ ಆಕ್ಕೈತ್ರಿ."

"ಅದಕ್ಕ ಅಲ್ಲಾ ಇದನ್ನ ತಂದಿದ್ದು."

"ಹೋಗಾಕ ತಂದೀರಿ. ಬರಾಕ?" ಅವಳು ಮೀಟರಿನ ಗಾಜು ಒರೆಸುತ್ತ ಕೇಳಿದಳು. "ಅಲ್ಲಿ ಅದರ ಬ್ಯಾಟ್ರಿ ಕೈ ಕೊಟ್ರ, ಸೆಳುವಿಗೆ ಎದುರ ಈಸಿ ಬರಾಕ ಆಗ್ತೈತೇನ್ರಿ ನಿಮಗ? ಸ್ಕೂಟರ ಎಷ್ಟ ದೂರ ಒಯ್ತೈತಿ ಅಂತ ನೋಡಬಾರದು. ಅದು ಸತ್ತ ಮ್ಯಾಲ ನೀವ ಎಷ್ಟ ದೂರ ಈಸತೀರಿ, ಅಷ್ಟ ಹೋಗಬೇಕು. ಗಾಳೀನೂ ಹಂಗ. ಮೂರ ಪಾಲು. ಹೋಗಾಕ ಒಂದು, ಬರಾಕ ಒಂದು, ಏನರ ಆದ್ರ ಅಂತ ಒಂದು. ಆ ಮೂರನೇದು ನಮ್ಮದಲ್ಲ, ಅದನ್ನ ಮುಟ್ಟಬಾರದು. ಮತ್ತ ಈ ನೀರಾಗ ಚಾಚಿದ ಕೈ ಕಾಣಂಗಿಲ್ಲ. ನಾ ಬರಂಗಿಲ್ರಿ."

ಕಾಮಣ್ಣ ಯಂತ್ರವನ್ನು ಕೆಳಗಿಟ್ಟು ಒಮ್ಮೆ ಅವಳನ್ನು, ಒಮ್ಮೆ ಸುಹಾಸನನ್ನು ನೋಡಿದ. "ತಂಗೀ, ಸಣ್ಣ ಸಾವಕಾರ್ರಿಗೆ ಹಂಗ ಅಂದ್ರ ಹೆಂಗ? ಅಣ್ಣಾರು ನಿಮ್ಮ ಮನಿಗೆ ಏನ ಕಮ್ಮಿ ಮಾಡ್ಯಾರ? ಅವರ ಉಪಕಾರ ತೀರಸಾಕ ಏಳ ಜನ್ಮ ಬೇಕು."

ಅಣ್ಣಾರು ಎಂದರೆ ಧರಣೇಂದ್ರ, ಸುಹಾಸನ ಅಪ್ಪ. ಏಳು ಜನ್ಮದ ಮಾತನ್ನು ಅವಳು ಏಳು ವರ್ಷದಿಂದ ಕೇಳುತ್ತಿದ್ದಳು. ಅಪ್ಪ ಈ ಮಡುವಿನಲ್ಲಿ ಹೋದ ಮೇಲೆ, ಇನ್ನು ಮುಂದೆ ಯಾರನ್ನೂ ಬರಿ ಉಸಿರಿನಲ್ಲಿ ಇಳಿಸುವುದು ಬೇಡ ಎಂದು ಸಂಘದಲ್ಲಿ ಠರಾವು ಮಾಡಿಸಿ, ಅವಳನ್ನು ಮಾಳವಣಕ್ಕೆ ಕಳಿಸಿದವರು ಅವರು. ಈ ಸಿಲಿಂಡರು, ಈ ಹಲಗೆ ಅವರದೇ. ಅವಳ ತಾಯಿ ಸತ್ತೆವ್ವ ಇವತ್ತಿಗೂ ಧರಣೇಂದ್ರರ ಮನೆಯ ಮುಂದೆ ಹಾಯುವಾಗ ಚಪ್ಪಲಿ ಕೈಯಲ್ಲಿ ಹಿಡಿಯುತ್ತಾಳೆ. ಯಾಕ ಬೇ ಎಂದು ಕೇಳಿದರೆ, ಋಣ ಯವ್ವಾ, ಅನ್ನುತ್ತಾಳೆ.

"ಬ್ಯಾಡ ಬಿಡು," ಅಂದ ಸುಹಾಸ. ಅವನ ಮುಖ ಕೆಂಪಾಗಿತ್ತು. ದಂಡೆಯಲ್ಲಿ ನೀರಿಗಾಗಿ ಕಾದು ಕುಳಿತಿದ್ದ ಏಳೆಂಟು ಜನ ರೈತರು ಈ ಕಡೆಗೇ ನೋಡುತ್ತಿದ್ದರು. "ನೀ ಬರಬ್ಯಾಡ. ನಾ ಒಬ್ಬನ ಇಳೀತೀನಿ."

"ಇಳೀರಿ. ಹಗ್ಗ ಕಟಗೋರಿ, ನಾ ಹಿಡೀತೀನಿ. ಈ ಜಾಳಿ ಅಷ್ಟ. ಸ್ಕೂಟರ ಆ ಗಳಕ್ಕ ಕಟ್ಟಿರಲಿ." ಅವಳು ದಂಡೆಯ ಹತ್ತಿರ ಎದೆಮಟ್ಟದ ನೀರಿನಲ್ಲಿ ನೆಟ್ಟಿದ್ದ ಬಿದಿರು ಗಳವನ್ನು ತೋರಿಸಿದಳು. "ಹಗ್ಗ ಇದ್ದಲ್ಲಿ ಪಂಖ ಇರಬಾರದು. ಪಂಖಕ್ಕ ಹಗ್ಗ ಸಿಕ್ರ ಬಿಡಂಗಿಲ್ಲ. ಎರಡರಾಗ ಒಂದು."

"ಆತ ಮಾಸ್ತರಬಾಯಿ," ಅಂದ ಸುಹಾಸ. ರೈತರು ನಕ್ಕರು. ಅವನೂ ನಕ್ಕ, ಸ್ವಲ್ಪ ತಡವಾಗಿ. ಕಾಮಣ್ಣ ಯಂತ್ರವನ್ನು ಗಳಕ್ಕೆ ಕಟ್ಟಿ ಬಂದ.

ಮೋಟರಿನ ಮನೆಗೆ ಹೋಗಿ ಅವಳು ಮೂರೂ ಫ್ಯೂಜು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡಳು. ಒಳಗೆ ಮನುಷ್ಯ ಇರುವಾಗ ಯಾರಾದರೂ ಬಟನ್ ಒತ್ತಿದರೆ ಜಾಳಿ ಅವನನ್ನು ಹೀರಿ ಹಿಡಿಯುತ್ತದೆ. ಫ್ಯೂಜು ಹಗ್ಗ ಹಿಡಿದವರ ಮೈಮೇಲೆಯೇ ಇರಬೇಕು. ಇದು ಅಪ್ಪನ ಕಾಲದಿಂದ ಬಂದ ಪದ್ಧತಿ. ಹಗ್ಗದ ಮಾತೂ ಅಪ್ಪನದೇ: ಒಂದು ಜಗ್ಗು ಅಂದರೆ ಆರಾಮ ಇದ್ದೇನೆ, ಎರಡು ಜಗ್ಗು ಅಂದರೆ ಮೇಲೆ ಎಳೆ. ಹಗ್ಗ ಹಿಡಿದವರು ಚಾ ಕುಡಿಯಬಾರದು, ತಂಬಾಕು ತಿಕ್ಕಬಾರದು, ಹಿಂದೆ ತಿರುಗಬಾರದು. ಅವಳು ಮೆಟ್ಟಿಲ ತುದಿಯಲ್ಲಿ ಕುಳಿತು ಎರಡೂ ಹಿಮ್ಮಡಿ ಕಲ್ಲಿಗೆ ಊರಿದಳು. ಸುಹಾಸ ತನ್ನದೇ ಸಿಲಿಂಡರು ಹೊತ್ತು, ಹಗ್ಗ ಕಟ್ಟಿಕೊಂಡು, ಗುಳುಗುಳು ಬಿಟ್ಟು ಮುಳುಗಿದ. ಹಗ್ಗ ಬೆರಳುಗಳ ನಡುವೆ ಮೊಳಮೊಳವಾಗಿ ಜಾರಿ ಹೋಯಿತು, ನಿಂತಿತು. ಒಂದು ಜಗ್ಗು ಬಂತು. ಅವಳೂ ಒಂದು ಜಗ್ಗಿದಳು.

ಹಗ್ಗ ಹಿಡಿದು ಕುಳಿತರೆ ಮನಸ್ಸಿಗೆ ಬೇರೆ ಕೆಲಸವಿರುವುದಿಲ್ಲ; ಅದು ತನ್ನ ಹಳೆಯ ಕೆಲಸಕ್ಕೇ ಹೋಗುತ್ತದೆ. ಆವತ್ತೂ ಇದೇ ಮೆಟ್ಟಿಲು. ಮದುವೆಯಾಗಿ ಎರಡು ತಿಂಗಳಾಗಿತ್ತು, ಕಾಗವಾಡದ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಹೊಸ ಸೀರೆ ಹಸಿರು, ತಲೆಯ ಮೇಲೆ ಸೆರಗು ನಿಲ್ಲಿಸುವುದು ಇನ್ನೂ ಕೈಗೆ ಹತ್ತಿರಲಿಲ್ಲ. ಅತ್ತೆ ದಿನಕ್ಕೆ ಹತ್ತು ಸಲ ಅಂದಿದ್ದಳು, ಹಿರೇರು ಬಂದ್ರ ಮೊದಲ ತಲಿ ಮುಚ್ಚಕೋ, ಆಮ್ಯಾಲ ಬಾಯಿ ತೆಗಿ. ಅಪ್ಪ ಉಸಿರು ತುಂಬಿಕೊಂಡು ಇಳಿದಿದ್ದ, ಹಗ್ಗ ಅವಳ ಕೈಯಲ್ಲಿತ್ತು. ಹಿಂದಿನಿಂದ, "ಯಾವಾಗ ಬಂದಿ ಯವ್ವಾ ಭಾಗ್ಯಾ?" ಎಂದು ಧರಣೇಂದ್ರ ಅಣ್ಣಾರ ದನಿ. ಅವಳು ಎದ್ದು ನಿಂತಳು. ಹಗ್ಗವನ್ನು ಪಾದದ ಕೆಳಗೆ ಮೆಟ್ಟಿ, ತಿರುಗಿ, ಎರಡೂ ಕೈಯಿಂದ ಸೆರಗು ತಲೆಗೆ ಎಳೆದುಕೊಂಡಳು. "ನಿನ್ನೆ ಬಂದ್ನಿರಿ ಅಣ್ಣಾರ." "ಅತ್ತಿ ಮನ್ಯಾಗ ಎಲ್ಲಾ ಚಲೋ ಅದಾರ?" "ಅದಾರ್ರಿ." "ಮಳಿ ಬೆಳಿ ಹೆಂಗ ಆ ಕಡೆ?" "ಚಲೋ ಐತ್ರಿ." ಪಾದದ ಕೆಳಗೆ ಹಗ್ಗ ಮಿಸುಕಿತು. ಹೊಳೆಯ ಸೆಳವು ಅಂದುಕೊಂಡಳು. ಮತ್ತೆ ಮಿಸುಕಿತು. ಸೆರಗು ಜಾರಿತು, ಮತ್ತೆ ಎಳೆದುಕೊಂಡಳು. ಅವರು ಹೋದ ಮೇಲೆ ಬಗ್ಗಿ ಹಗ್ಗ ಹಿಡಿದಾಗ ಅದರಲ್ಲಿ ಭಾರ ಮಾತ್ರ ಇತ್ತು. ಬಲೆಯಲ್ಲಿ ಕಾಲು ಸಿಕ್ಕಿತ್ತು ಎಂದು ಎಲ್ಲರೂ ಅಂದರು. ಮಡುವು ತಗೊಂತು ಎಂದರು. ಹಗ್ಗ ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಆಮೇಲೆ ಅವಳು ತಲೆಯ ಮೇಲೆ ಸೆರಗು ಹಾಕಲಿಲ್ಲ. ಅತ್ತೆಯ ಮುಂದೆ ಇಲ್ಲ, ಮಾವನ ಮುಂದೆ ಇಲ್ಲ. ತಲೆ ಮುಚ್ಚದ ಸೊಸೆ ಎಂದು ಊರೆಲ್ಲ ಆಡಿಕೊಂಡಿತು, ಗಂಡ ಹೊಡೆದ, ಒಂದು ದಿನ ಬಸ್ಸು ಹತ್ತಿ ಬಂದುಬಿಟ್ಟಳು. ಯಾಕೆ ಎಂದು ತಾಯಿಗೂ ಗೊತ್ತಿಲ್ಲ.

ಬಿದಿರು ಗಳ ಅವಳ ಕಣ್ಣಿಗೆ ಬಿತ್ತು. ಬರಿ ಗಳ. ಕಿತ್ತಳೆ ಬಣ್ಣ ಇರಲಿಲ್ಲ.

ಒಯ್ದುಬಿಟ್ಟಿದ್ದಾನೆ. ಮುಳುಗಿದ ಮೇಲೆ ನೀರೊಳಗಿನಿಂದಲೇ ಗಳದಿಂದ ಬಿಚ್ಚಿಕೊಂಡಿದ್ದಾನೆ. ಅವಳು ಕೂಗಲು ಬಾಯಿ ತೆರೆದಳು, ಕೂಗು ನೀರೊಳಗೆ ಹೋಗುವುದಿಲ್ಲವೆಂದು ಮುಚ್ಚಿದಳು. ಅಷ್ಟರಲ್ಲಿ ಹಗ್ಗ ಓಡತೊಡಗಿತು. ಜಗ್ಗಿದಂತಲ್ಲ, ಯಾರೋ ರಾಟೆಗೆ ಹಾಕಿ ಸುತ್ತಿದಂತೆ. ಅಂಗೈ ಉರಿಯಿತು. ಗುಂಯ್ ಎಂಬ ನಡುಕ ಹಗ್ಗದಲ್ಲಿ ಹಾಯ್ದು ಮೊಣಕೈವರೆಗೆ ಏರಿತು. ಅವನು ಒಳಗೆ ತಿರುಗಿದ್ದಾನೆ, ಸಡಿಲು ಹಗ್ಗ ಪಂಖಕ್ಕೆ ಸಿಕ್ಕಿದೆ, ಅದು ಸುತ್ತಿ ಸುತ್ತಿ ಅವನನ್ನು ತನ್ನ ಹತ್ತಿರಕ್ಕೇ ಎಳೆದುಕೊಳ್ಳುತ್ತಿದೆ. ಈಗ ಎಳೆದರೆ ಇನ್ನಷ್ಟು ಬಿಗಿಯುತ್ತದೆ. ಬೆರಳು ಬಿಡು, ಎಂದಳು ಅವಳು, ದನಿಯಿಲ್ಲದೆ. ಏನಾದರೂ ಸಿಕ್ಕಿತೆಂದರೆ ಮೊದಲು ಬೆರಳು ಬಿಡಬೇಕು, ಯಂತ್ರ ತಾನೇ ನಿಲ್ಲುತ್ತದೆ, ಆಮೇಲೆ ಉಸಿರು, ಆಮೇಲೆ ವಿಚಾರ. ಹೋದ ತಿಂಗಳು ಈ ಯಂತ್ರ ಬಂದಾಗಲೇ ಮೂರು ಸಲ ಹೇಳಿದ್ದಳು. ಬೆರಳು ಬಿಡೋ, ನಿನ್ನ ಕೈ ಮುರೀಲಿ, ಬಿಡು.

ನಡುಕ ನಿಂತಿತು. ಹಗ್ಗ ಬಿಗಿದು ಸುಮ್ಮನಾಯಿತು.

ಹಿಂದೆ ದಂಡೆಯ ಮೇಲೆ ಗಾಡಿಯ ಬಾಗಿಲು ಹಾಕಿದ ಸಪ್ಪಳ. ಕೂತವರೆಲ್ಲ ಎದ್ದು ನಿಂತದ್ದು, ಟವಲು ಹೆಗಲಿಂದ ತೆಗೆದದ್ದು, ಕೆಮ್ಮಿದ್ದು ಬೆನ್ನಿಗೇ ಗೊತ್ತಾಯಿತು. "ಬರ್ರಿ ಅಣ್ಣಾರ," ಅಂದ ಕಾಮಣ್ಣ.

"ಸುಹಾಸ ಎಲ್ಲೆ?" ಧರಣೇಂದ್ರರ ದನಿ. ಚಪ್ಪಲಿಯ ಸಪ್ಪಳ ಮೆಟ್ಟಿಲು ಇಳಿದು ಅವಳ ಹಿಂದೆ ಎರಡು ಮೆಟ್ಟಿಲು ಮೇಲೆ ನಿಂತಿತು. "ಭಾಗ್ಯಾ. ಸುಹಾಸ ಒಳಗ ಅದಾನೇನ?"

ಬೆನ್ನಿನ ತುಂಬ ಹಳೆಯ ಅಭ್ಯಾಸ ಎದ್ದಿತು. ಕಾಲುಗಳು ತಾವಾಗಿಯೇ ಎದ್ದು ನಿಲ್ಲಲು ನೋಡಿದವು, ಕೈ ತಲೆಯ ಕಡೆಗೆ ಹೋಗಲು ನೋಡಿತು, ತಲೆಯ ಮೇಲೆ ಎಳೆದುಕೊಳ್ಳಲು ಸೆರಗೇ ಇರಲಿಲ್ಲ, ಮೈಮೇಲಿದ್ದದ್ದು ಅಪ್ಪನ ಅಂಗಿ. ಅವಳು ಹಿಮ್ಮಡಿಯನ್ನು ಕಲ್ಲಿಗೆ ಇನ್ನಷ್ಟು ಒತ್ತಿದಳು.

"ಏ ತಂಗೀ, ಅಣ್ಣಾರು ಮಾತಾಡಸಾಕತ್ತಾರ," ಅಂದ ಕಾಮಣ್ಣ. "ಏಳ ಬೇ. ಕಿವಿ ಕೇಳಸೂದಿಲ್ಲೇನ?"

ಎರಡು ಜಗ್ಗು ಬಂತು.

ಅವಳು ಎಳೆಯತೊಡಗಿದಳು. ಒಂದು ಮೊಳ, ತಡೆದು ಒಂದು ಉಸಿರು, ಇನ್ನೊಂದು ಮೊಳ. ಹಗ್ಗದ ತುದಿಯಲ್ಲಿ ಮನುಷ್ಯ ಮತ್ತು ಯಂತ್ರ ಎರಡರ ಭಾರವಿತ್ತು. ಹಿಂದೆ ನಿಂತವರಿಗೆ ಈಗ ಏನೋ ಆಗಿದೆಯೆಂದು ತಿಳಿಯಿತು. "ಜಗ್ಗ ಬೇ! ಲಗೂ ಜಗ್ಗ!" ಯಾರೋ ಕೂಗಿದರು. ಧರಣೇಂದ್ರರು ಒಂದು ಮೆಟ್ಟಿಲು ಇಳಿದರು. "ಭಾಗ್ಯಾ, ನನ್ನ ಮಗ ಅದಾನ ಒಳಗ. ಲಗೂ." ಕಾಮಣ್ಣ ಓಡಿ ಬಂದು ಹಗ್ಗಕ್ಕೆ ಕೈ ಹಾಕಿದ. ಅವಳು ಮೊಣಕೈಯಿಂದ ಅವನ ಎದೆಗೆ ತಿವಿದಳು.

"ಮುಟ್ಟಬ್ಯಾಡ!" ಅಂದಳು, ನೀರಿನಿಂದ ಕಣ್ಣು ತೆಗೆಯದೆ. "ಲಗೂ ಜಗ್ಗಿದ್ರ ಎದಿ ಒಡಿತೈತಿ ಅವನದು. ಹೆದರಿ ಉಸರ ಹಿಡದಿರತಾನ. ಗುಳ್ಳಿಗಿಂತ ಮೊದಲ ಮನಷ್ಯಾ ಮ್ಯಾಲ ಬರಬಾರದು. ಎಲ್ಲಾರೂ ಗಪ್ ನಿಂದರ್ರಿ. ಅಣ್ಣಾರ, ನೀವೂ."

ದಂಡೆ ಗಪ್ಪಾಯಿತು. ಅವಳೂ ಒಳಗೊಳಗೆ ಬೆಚ್ಚಿದಳು, ಆದರೆ ಕೈ ಬೆಚ್ಚಲಿಲ್ಲ. ಮೊಳ, ಉಸಿರು. ಮೊಳ, ಉಸಿರು. ನೀರಿನ ಮೇಲೆ ಸಣ್ಣ ಗುಳ್ಳೆಗಳು ಸಾಸಿವೆ ಸಿಡಿದಂತೆ ಒಡೆಯುತ್ತಿದ್ದವು. ಗುಳ್ಳೆ ಇದೆಯೆಂದರೆ ಉಸಿರು ಬಿಡುತ್ತಿದ್ದಾನೆ. ಅಪ್ಪನ ಹಗ್ಗವನ್ನು ಅವಳು ಹೀಗೆ ಎಳೆದಿರಲಿಲ್ಲ. ಹುಚ್ಚಿಯಂತೆ ಸರಸರ ಸೆಳೆದಿದ್ದಳು, ಆಗ ಅದರಿಂದ ಏನೂ ಆಗುವಂತಿರಲಿಲ್ಲ. ಹದಿನೈದು ಅಡಿಗೆ ಗುರುತು ಕಟ್ಟಿದ ಕೆಂಪು ಚಿಂದಿ ಕೈಗೆ ಬಂತು. ನಿಲ್ಲಿಸಿದಳು. ಬೆನ್ನ ಹಿಂದೆ ಒಬ್ಬ ಅಪ್ಪನ ಉಸಿರು ಮೇಲೆ ಕೆಳಗೆ ಆಗುವುದು ಕೇಳಿಸುತ್ತಿತ್ತು. ಮೈಯೊಳಗಿನ ಒತ್ತಡ ಇಳಿಯಲೆಂದು ಮೂರು ನಿಮಿಷ ಎಣಿಸಿದಳು. ಒಂದು ಜಗ್ಗಿ ಕೇಳಿದಳು. ಒಂದು ಬಂತು. ಆಮೇಲೆ ಮತ್ತೆ ಮೊಳ, ಉಸಿರು.

ಸುಹಾಸನ ತಲೆ ಎದ್ದಿತು. ಎದೆಗೆ ಕಿತ್ತಳೆ ಯಂತ್ರ ಬಿಗಿದುಕೊಂಡಿತ್ತು, ಪಂಖದ ಜಾಲರಿಯ ತುಂಬ ಹಗ್ಗ ಉಂಡೆಯಾಗಿ ಸುತ್ತಿತ್ತು, ಇನ್ನೊಂದು ಗೇಣು ಸುತ್ತಿದ್ದರೆ ಬಾಯಿಯ ಕೊಳವೆಯೂ ಅದರೊಳಗೆ ಹೋಗುತ್ತಿತ್ತು. ಕಾಮಣ್ಣ ನೀರಿಗೆ ಧುಮುಕಿ ಅವನನ್ನು ಮೆಟ್ಟಿಲಿಗೆ ತಂದ. ಅವನು ಮಗ್ಗುಲಾಗಿ ವಾಂತಿ ಮಾಡಿಕೊಂಡ. ಆಮೇಲೆ ಅವಳನ್ನು ನೋಡಿ, "ಬೆರಳ ಬಿಟ್ನಿ ಅಕ್ಕಾ," ಅಂದ. "ನೀ ಹೇಳಿದ್ದಿ ನೋಡು. ಬಿಟ್ನಿ."

"ಗೊತ್ತಾತು," ಅಂದಳು. "ಕೈಗೆ ಬಂತು ನನಗ." ಆಮೇಲೆ ಎದ್ದು ನಿಂತಳು. ಅಂಗೈಯ ಚರ್ಮ ಎರಡು ಕಡೆ ಸುಲಿದಿತ್ತು.

ಧರಣೇಂದ್ರರು ಮಗನ ತಲೆಯನ್ನು ತಮ್ಮ ಟವಲಿನಿಂದ ಒರೆಸಿದರು, ಕಾಮಣ್ಣನ ಜೊತೆ ಮೇಲೆ ಗಾಡಿಗೆ ಕಳಿಸಿದರು, ಹಾಗೇ ಬಿಸಿ ಚಾ ತರಿಸು ಎಂದರು. ತಾವು ಹೋಗಲಿಲ್ಲ. ಎಪ್ಪತ್ತರ ಮನುಷ್ಯ, ಬಿಳಿ ಟೊಪ್ಪಿಗೆ, ಬಿಳಿ ಧೋತರ.

"ನಾ ಕರದೆ. ಮಾರಿ ಸೈತ ತಿರಗಸಲಿಲ್ಲ ನೀ," ಅಂದರು.

"ಆವತ್ತ ತಿರಗಿಸಿದ್ನೆಲ್ರಿ ಅಣ್ಣಾರ."

ಹೇಳಿದ ಮೇಲೆ ಅವಳಿಗೇ ತನ್ನ ದನಿ ಬೇರೆಯವರದು ಅನ್ನಿಸಿತು. ಏಳು ವರ್ಷ ಗಂಟಲಲ್ಲಿದ್ದದ್ದು ಇಷ್ಟು ಸಣ್ಣ ಮಾತೇ. ಅವರು ಏನು ಎಂದು ಕೇಳುತ್ತಾರೆ, ತಾನು ಎಲ್ಲವನ್ನೂ ಹೇಳಬೇಕಾಗುತ್ತದೆ ಎಂದು ಕಾದಳು. ಅವರು ಕೇಳಲಿಲ್ಲ. ಹೊಳೆಯ ಕಡೆಗೆ ನೋಡುತ್ತ ನಿಂತರು.

"ಹಗ್ಗ ನಿನ್ನ ಕಾಲ ಕೆಳಗಿತ್ತು," ಅಂದರು. "ನಾ ನೋಡಿದ್ನಿ. ಮಾತ ಮುಗಿಸಿ ಹೋಗಬೇಕಿತ್ತು. ಮಳಿ ಬೆಳಿ ಕೇಳಕೋತ ನಿಂತ್ನಿ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಂದೊಂದಾಗಿ ಅರ್ಥವಾಯಿತು: ಠರಾವು, ಮಾಳವಣ, ಸಿಲಿಂಡರು, ಹಲಗೆ. ತಾಯಿ ಕೈಯಲ್ಲಿ ಹಿಡಿದ ಚಪ್ಪಲಿ. ಖಣಕ್ಕೆ ಒಡ್ಡಿದ ತನ್ನ ಕೈ. ಇಷ್ಟು ವರ್ಷ ಉಪಕಾರ ಎಂದು ತಾಯಿ ಮಗಳು ತಲೆಯ ಮೇಲೆ ಹೊತ್ತದ್ದು ಈ ಮನುಷ್ಯ ತನ್ನ ಸಾಲವನ್ನು ಸದ್ದಿಲ್ಲದೆ ತೀರಿಸಿಕೊಂಡದ್ದು. ಮೇಲೆ ನಮಸ್ಕಾರವನ್ನೂ ಇಸಿದುಕೊಂಡಿದ್ದ. ಮತ್ತು ಏಳು ವರ್ಷ ಇದು ಗೊತ್ತಿದ್ದವಳು ತಾನು ಒಬ್ಬಳೇ ಎಂದುಕೊಂಡಿದ್ದಳು. ಒಬ್ಬಳೇ ಅಲ್ಲದಿದ್ದದ್ದೇ ಅವಳಿಗೆ ಹೆಚ್ಚು ಸಿಟ್ಟು ತಂದಿತು. ಒಂದು ಮಾತು, ಆಗಲೇ, ಈ ಮನುಷ್ಯ ಬಂದು ನಾನೂ ನೋಡಿದೆ ಅಂದಿದ್ದರೆ!

ಕ್ಷಮಿಸು ಎಂದು ಅವರು ಅನ್ನಲಿಲ್ಲ. ಇರಲಿ ಬಿಡ್ರಿ ಎಂದು ಅವಳೂ ಅನ್ನಲಿಲ್ಲ. ಬಗ್ಗಿ ತನ್ನ ಹಲಗೆಯ ಪಟ್ಟಿಗೆ ಹೆಗಲು ಕೊಟ್ಟಳು. ಎದೆಯ ಬಳಿ ಕೊಂಡಿ ಹಾಕಿದಳು, ಗದ್ದದ ಕೆಳಗಿನ ಬಾಯಿಯನ್ನು ಒಮ್ಮೆ ಊದಿ ನೋಡಿದಳು, ಮುಳ್ಳು ನೋಡಿದಳು. ಹಳೆಯ ಹಗ್ಗ ಪಂಖದಲ್ಲಿತ್ತು. ಮೋಟರಿನ ಮನೆಯಿಂದ ಅಪ್ಪನ ಕಾಲದ ಹಗ್ಗ ತಂದು ಎಳೆದು ಪರೀಕ್ಷಿಸಿ ನಡುವಿಗೆ ಕಟ್ಟಿಕೊಂಡಳು. ಇನ್ನೊಂದು ತುದಿಯನ್ನು ಧರಣೇಂದ್ರರ ಮುಂದೆ ಹಿಡಿದಳು.

"ಹಿಡೀರಿ."

"ನಾನಾ? ಕಾಮಣ್ಣ ಬರ್ತಾನ ಬೇ, ತಡಿ..."

"ನೀವ. ಚಪ್ಪಲಿ ಕಳೀರಿ, ಜಾರತಾವ. ಕುಂಡ್ರಿ. ಹಿಮ್ಮಡ ಕಲ್ಲಿಗೆ ಹಚ್ಚರಿ. ಒಂದ ಜಗ್ಗಿದ್ರ ನಾ ಆರಾಮ ಅದೀನಿ. ನೀವೂ ಒಂದ ಜಗ್ಗಬೇಕು. ಎರಡ ಜಗ್ಗಿದ್ರ ಎಳೀಬೇಕು, ಸಾವಕಾಶ. ಎರಡೂ ಕೈಲೆ ಹಿಡೀರಿ. ಯಾರ ಬಂದ್ರೂ ತಿರಗಬ್ಯಾಡ್ರಿ, ಯಾರ ಕರದ್ರೂ ಓ ಅನಬ್ಯಾಡ್ರಿ." ಜೇಬಿನಿಂದ ಫ್ಯೂಜು ಮೂರನ್ನೂ ತೆಗೆದು ಅವರ ಮಡಿಲಿಗೆ ಹಾಕಿದಳು.

ದಂಡೆಯ ಮೇಲಿನ ರೈತರು ಬಾಯಿ ಬಿಟ್ಟು ನೋಡುತ್ತಿದ್ದರು. ಸಂಘದ ಅಧ್ಯಕ್ಷರು ಬಿಳಿ ಧೋತರದಲ್ಲಿ ಹಸಿ ಮೆಟ್ಟಿಲಿಗೆ ಕುಳಿತು ಬರಿಗಾಲನ್ನು ಕಲ್ಲಿಗೆ ಊರಿದರು. ಅವಳು ನೀರಿಗೆ ಇಳಿದಳು. ಕುತ್ತಿಗೆಯವರೆಗೆ ಬಂದಾಗ ಕಾಮಣ್ಣ ಚಾದ ಕಪ್ಪು ಹಿಡಿದು ಮೆಟ್ಟಿಲು ಇಳಿದದ್ದು, "ಅಣ್ಣಾರ, ಚಾ" ಅಂದದ್ದು, ಆ ಬಿಳಿ ಟೊಪ್ಪಿಗೆ ಅಲುಗದೇ ಇದ್ದದ್ದು ಕಂಡಿತು. ಮುಳುಗಿದಳು.

ಹತ್ತು ಅಡಿಗೆ ಹಸಿರು, ಇಪ್ಪತ್ತಕ್ಕೆ ಕಂದು, ಆಮೇಲೆ ತನ್ನ ಕೈಯೂ ಇಲ್ಲ. ಕಿವಿ ತೆರೆಯಲು ಮೂಗು ಹಿಡಿದು ಊದಿಕೊಳ್ಳುತ್ತ, ಕೈಯಿಂದ ನೋಡುತ್ತ ಇಳಿದಳು. ಜಾಳಿ ಸಿಕ್ಕಿತು. ರವದಿ, ಬಲೆ, ತೊಯ್ದು ಕಲ್ಲಾದ ಹಾಸಿಗೆ. ಈಗ ಒಂದು ಜಗ್ಗಬೇಕು. ಅವಳು ಜಗ್ಗಲಿಲ್ಲ. ಎಡಗೈಯಿಂದ ಜಾಳಿ ಹಿಡಿದು, ಕತ್ತಲಲ್ಲಿ ತನ್ನ ಉಸಿರಿನ ಸಪ್ಪಳ ಕೇಳುತ್ತ ಸುಮ್ಮನೆ ನಿಂತಳು. ಯಾವಾಗ ಬಂದಿ ಯವ್ವಾ. ಅತ್ತಿ ಮನ್ಯಾಗ ಎಲ್ಲಾ ಚಲೋ ಅದಾರ. ಮಳಿ ಬೆಳಿ ಹೆಂಗ ಆ ಕಡೆ. ಆವತ್ತಿನ ಅಷ್ಟೂ ಮಾತು, ಅಷ್ಟೂ ಹೊತ್ತು, ಒಂದು ಅಕ್ಷರ ಬಿಡದೆ, ಮನಸ್ಸಿನಲ್ಲೇ ಆಡಿ ಮುಗಿಸಿದಳು. ಹಗ್ಗದಲ್ಲಿ ಸಣ್ಣಗೆ ಒಂದು ಅದುರು ಇಳಿದು ಬರುತ್ತಿತ್ತು, ಸೆಳವಿನದಲ್ಲ. ಮೇಲೆ ಎರಡು ಮುದಿಕೈಗಳು ನಡುಗುತ್ತಿದ್ದವು.

ನಡುಗಲಿ.

ಆಮೇಲೆ ಅವಳು ಒಂದು ಸಲ ಜಗ್ಗಿದಳು. ಕೈ ಸಡಿಲಿಸುವ ಮೊದಲೇ ಮೇಲಿನಿಂದ ಒಂದು ಬಂತು. ಅವಳು ಚಾಕು ತೆಗೆದು ಬಲೆಯ ಮೊದಲ ಗಂಟಿಗೆ ಹಚ್ಚಿದಳು.